ಡೆಕ್ ಕೆಳಗಿರೋದು ಹೆಗ್ಗಣ ಅಲ್ಲ, ದೊಣ್ಣೆ ಒಳಗಿಡಿ

ಪ್ರಶ್ನೆ: ಮೇಡಂ, ನಾವಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ, ಹೋದ ವರ್ಷ ಈ ಮನೆ ತಗೊಂಡ್ವಿ. ಒಂದು ತಿಂಗಳಿಂದ ರಾತ್ರಿ ಹತ್ತರ ಮೇಲೆ ಹಿತ್ತಲ ಫೆನ್ಸ್ ಮೇಲೆ ಒಂದು ಪ್ರಾಣಿ ಓಡಾಡ್ತಿದೆ, ಬಿಳಿ ಮುಖ, ಹಂದಿ ಥರ ಮೂತಿ, ಇಲಿ ಬಾಲ, ಗಾತ್ರ ಮಾತ್ರ ಬೆಕ್ಕಿನಷ್ಟು. ಡೆಕ್ ಅಂದ್ರೆ ಹಿತ್ತಲಿನ ಮರದ ಜಗಲಿ, ಅದರ ಕೆಳಗೆ ಸೇರ್ಕೊಂಡಿರ್ಬೇಕು. ಹೋದ ವಾರ ನಮ್ಮ ನಾಯಿ ಬೊಗಳ್ತಿದೆ ಅಂತ ಹೋಗಿ ನೋಡಿದ್ರೆ ತುಳಸಿ ಕುಂಡದ ಪಕ್ಕ ಅದು ಸತ್ತು ಬಿದ್ದಿತ್ತು, ಬಾಯಲ್ಲಿ ಜೊಲ್ಲು, ಕೆಟ್ಟ ವಾಸನೆ. ನಾಯಿನ ಒಳಗೆ ಕಟ್ಟಿ, ಯಜಮಾನ್ರು ಬಂದ್ಮೇಲೆ ಎತ್ತಿಸೋಣ ಅಂತ ಒಂದು ಗಂಟೆ ಬಿಟ್ಟು ನೋಡಿದ್ರೆ ಅಲ್ಲಿ ಏನೂ ಇಲ್ಲ! ದಾವಣಗೆರೆಯಿಂದ ಬಂದಿರೋ ನಮ್ಮ ಅಪ್ಪಾಜಿ ಇದು ಹೆಗ್ಗಣದ ಜಾತಿ, ದೊಣ್ಣೆ ತಗೊಂಡು ಹೊಡೆದು ಹಾಕ್ಬೇಕು ಅಂತಾರೆ. ಪಕ್ಕದ ಮನೆಯವರು ಟ್ರ್ಯಾಪ್ ಕೊಡ್ತೀನಿ, ಹಿಡಿದು ಎಲ್ಲಾದ್ರೂ ದೂರ ಬಿಟ್ಟು ಬನ್ನಿ ಅಂತಾರೆ. ಮನೇಲಿ 4 ವರ್ಷದ ಮಗು ಇದೆ, ನಂಗೆ ರೇಬೀಸ್ ಭಯ. ಏನ್ ಮಾಡ್ಲಿ?

ಉತ್ತರ: ಮೊದಲು ಅಪ್ಪಾಜಿಯವರಿಗೆ ದೊಣ್ಣೆ ಒಳಗಿಡೋಕೆ ಹೇಳಿ. ಟ್ರ್ಯಾಪೂ ಬೇಡ, ಯಾಕೆ ಅಂತ ಮುಂದೆ ಹೇಳ್ತೀನಿ. ನಾನು ಇದೇ ಬೇ ಏರಿಯಾದಲ್ಲಿ ಗಾಯ ಆದ, ತಾಯಿ ಕಳ್ಕೊಂಡ ಕಾಡುಪ್ರಾಣಿಗಳನ್ನ ನೋಡ್ಕೊಳ್ಳೋ ಸೆಂಟರಲ್ಲಿ 11 ವರ್ಷದಿಂದ ಇದೀನಿ, ಪ್ರತಿ ವರ್ಷ ವಸಂತ ಬಂತು ಅಂದ್ರೆ ನಮ್ಮ ಕನ್ನಡದವರ ಮನೆಗಳಿಂದಲೇ ಎಷ್ಟೋ ಫೋನು ಬರತ್ತೆ, ಹೆಚ್ಚುಕಡಿಮೆ ಎಲ್ಲರ ಕಥೆನೂ ನಿಮ್ಮ ಥರಾನೇ.

ನೀವು ನೋಡಿರೋದು ಒಪಾಸಮ್. ಇಲ್ಲಿ ಜನ ಬರೀ ಪಾಸಮ್ ಅಂತಾನೂ ಅಂತಾರೆ. ಹಂದಿ ಮೂತಿ, ಇಲಿ ಬಾಲ, ಬೆಕ್ಕಿನ ಗಾತ್ರ ಅಂತ ಬರೆದಿದೀರಲ್ಲ, 400 ವರ್ಷದ ಹಿಂದೆ ವರ್ಜೀನಿಯಾಕ್ಕೆ ಬಂದ ಜಾನ್ ಸ್ಮಿತ್ ಅನ್ನೋ ಇಂಗ್ಲಿಷಿನವರೂ ಇದನ್ನ ನೋಡಿ ಬರೆದಿದ್ದು ಅದೇ ಮೂರು ಮಾತು, ಜೊತೆಗೆ ಹೊಟ್ಟೆ ಕೆಳಗೆ ಒಂದು ಚೀಲ ಇದೆ, ಅದರಲ್ಲಿ ಮರಿ ಇಟ್ಕೊಳತ್ತೆ ಅಂತ. ಆ ಚೀಲ ಇದೆಯಲ್ಲ, ಅದರಿಂದಾನೇ ಇದು ಹೆಗ್ಗಣ ಅಲ್ಲ, ಇಲಿ ಜಾತಿಗೂ ಇದಕ್ಕೂ ಸಂಬಂಧಾನೇ ಇಲ್ಲ. ಇದು ಕಾಂಗರೂ ಕಡೆಯದು. ಮೆಕ್ಸಿಕೋದಿಂದ ಮೇಲೆ ಇಡೀ ಅಮೆರಿಕ, ಕೆನಡಾ ಎರಡರಲ್ಲೂ ಇರೋ ಹೊಟ್ಟೆಚೀಲದ ಪ್ರಾಣಿ ಇದೊಂದೇ. ಮರಿ 12-13 ದಿನಕ್ಕೇ ಹುಟ್ಟತ್ತೆ, ಹುಟ್ಟಿದಾಗ ಒಂದು ಅಲಸಂದೆ ಕಾಳಿನಷ್ಟು ಇರತ್ತೆ, ಕಣ್ಣಿಲ್ಲ ಕಿವಿಯಿಲ್ಲ, ಆ ಕಾಳಿನಷ್ಟಿರೋದು ತಾಯಿ ಹೊಟ್ಟೆ ಕೂದಲಲ್ಲಿ ತಾನೇ ತೆವಳ್ಕೊಂಡು ಹೋಗಿ ಚೀಲ ಸೇರ್ಬೇಕು. ಒಳಗಿರೋ ಮೊಲೆ ಸಾಮಾನ್ಯವಾಗಿ 13, ಹುಟ್ಟೋ ಮರಿ ಒಂದೊಂದ್ಸಲ 20ಕ್ಕೂ ಮೇಲೆ, ಹಾಗಾಗಿ ಮೊದಲು ಹೋಗಿ ಕಚ್ಕೊಂಡವು ಮಾತ್ರ ಉಳಿಯೋದು. ಎರಡು ತಿಂಗಳ ಮೇಲೆ ಚೀಲದಲ್ಲೇ ಇದ್ದು ಆಮೇಲೆ ತಾಯಿ ಬೆನ್ನೇರಿ ಓಡಾಡ್ತವೆ. ಇಷ್ಟೆಲ್ಲಾ ಪಾಡುಪಟ್ಟು ಬದುಕಿದ ಮೇಲೂ ಕಾಡಲ್ಲಿ ಇದರ ಆಯಸ್ಸು ಒಂದು, ಹೆಚ್ಚಂದ್ರೆ ಎರಡು ವರ್ಷ.

ಇನ್ನು ಆ ಸತ್ತು ಬಿದ್ದಿದ್ದು. ಅದು ಸತ್ತಿರ್ಲಿಲ್ಲ, ನಾಟಕಾನೂ ಆಡ್ತಿರ್ಲಿಲ್ಲ. ಎಲ್ಲರೂ ನಾಟಕ ಅಂತಾರೆ ಅದಕ್ಕೇ ಹೇಳ್ತಿದೀನಿ. ಭಯ ಮಿತಿಮೀರಿದಾಗ ಅದರ ಮೈ ತಾನಾಗೇ ಹಾಗೆ ಬಿದ್ದುಹೋಗತ್ತೆ, ನಾವು ಮೂರ್ಛೆ ಹೋಗ್ತೀವಲ್ಲ ಹಾಗೆ, ಅದರ ಕೈಲಿ ಏನೂ ಇರಲ್ಲ. ಬಾಯಿ ತೆಗೆದು, ಹಲ್ಲು ಬಿಟ್ಕೊಂಡು, ನಾಲಿಗೆ ಹೊರಗೆ ಹಾಕಿ, ಹಿಂದಿನಿಂದ ಹಸಿರು ಬಣ್ಣದ ಕೊಳೆತ ವಾಸನೆಯ ದ್ರವ ಬಿಡತ್ತೆ, ನಾಯಿ ಮೂಸಿ ನೋಡಿ ಇದು ತಿನ್ನೋಕೆ ಆಗಲ್ಲ ಅಂತ ಬಿಟ್ಟು ಹೋಗ್ಲಿ ಅಂತ. ಕೆಲವು ನಿಮಿಷಕ್ಕೇ ಏಳಬಹುದು, ಕೆಲವು ಗಂಟೆನೂ ಹಿಡಿಯಬಹುದು. ನಾನು ಒಂದ್ಸಲ ನಮ್ಮ ಸೆಂಟರ್ ಹಿಂದಿನ ಹುಲ್ಲಲ್ಲಿ ಹತ್ತು ಅಡಿ ದೂರ ಕೂತು ಪೂರ್ತಿ ನೋಡಿದೀನಿ, ಮುಕ್ಕಾಲು ಗಂಟೆ ಒಂದು ಕೂದಲೂ ಅಲ್ಲಾಡ್ಲಿಲ್ಲ, ಆಮೇಲೆ ಬಲಗಿವಿ ತುದಿ ಒಂಚೂರು ಅದುರ್ತು, ಎಡಗಿವಿ ಅದುರ್ತು, ಎರಡೂ ಕಿವಿ ಸುತ್ತ ತಿರುಗಿಸಿ ಸದ್ದು ಕೇಳ್ತು, ತಲೆ ಸ್ವಲ್ಪ ಎತ್ತಿ ಮತ್ತೆ ಇಟ್ತು, ಇನ್ನೂ ಐದು ನಿಮಿಷ ಕಾಯ್ತು, ಕೊನೆಗೆ ಎದ್ದು ಓಡದೆ, ನಿಧಾನಕ್ಕೆ ಹೆಜ್ಜೆ ಹಾಕ್ಕೊಂಡು ಬೇಲಿ ಕೆಳಗೆ ನುಸುಳಿ ಹೋಯ್ತು. ನೀವು ನಾಯಿನ ಒಳಗೆ ಕಟ್ಟಿದ್ದು ನೂರಕ್ಕೆ ನೂರು ಸರಿ, ಗೊತ್ತಿಲ್ದೇನೇ ಅದರ ಜೀವ ಉಳಿಸಿದೀರಿ. ಬ್ಯಾಗಲ್ಲಿ ಹಾಕಿ ಕಟ್ಟಿ ಬಿನ್ನಿಗೆ ಎಸೆಯೋರೂ ಇದಾರೆ, ಅದಕ್ಕೆ ಇಷ್ಟು ಉದ್ದ ಬರೆದೆ.

ರೇಬೀಸ್ ವಿಷಯ. ನಮ್ಮೂರಲ್ಲಿ ಬೀದಿನಾಯಿ ನೋಡ್ಕೊಂಡು ಬೆಳೆದವರಿಗೆ ಈ ಭಯ ಸಹಜ, ನಂಗೂ ಇತ್ತು. ಒಪಾಸಮಲ್ಲಿ ರೇಬೀಸ್ ತುಂಬಾ ತುಂಬಾ ಅಪರೂಪ, ಅದರ ಮೈ ಬಿಸಿ ಬೇರೆ ಪ್ರಾಣಿಗಳಿಗಿಂತ ಕಮ್ಮಿ ಇರೋದ್ರಿಂದ ವೈರಸ್ ಅಲ್ಲಿ ಬೆಳೆಯೋದು ಕಷ್ಟ ಅಂತ ಹೇಳ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ರೇಬೀಸ್ ಅಂದ್ರೆ ಮುಖ್ಯವಾಗಿ ಬಾವಲಿ ಮತ್ತೆ ಸ್ಕಂಕ್, ಅಂದ್ರೆ ನಾರೋ ದ್ರವ ಸಿಡಿಸೋ ಕಪ್ಪುಬಿಳುಪಿನ ಪ್ರಾಣಿ. ಮಗು ಮಲಗಿರೋ ರೂಮಲ್ಲಿ ಬಾವಲಿ ಕಂಡ್ರೆ ಅದನ್ನ ಹೊರಗೆ ಓಡಿಸಿ ಸುಮ್ಮನಾಗ್ಬೇಡಿ, ತಕ್ಷಣ ಡಾಕ್ಟರಿಗೂ ಕೌಂಟಿ ಅನಿಮಲ್ ಕಂಟ್ರೋಲಿಗೂ ಫೋನ್ ಮಾಡಿ, ಅದರ ಹಲ್ಲಿನ ಗುರುತು ಕಣ್ಣಿಗೇ ಕಾಣದಷ್ಟು ಸಣ್ಣದಿರತ್ತೆ. ಒಪಾಸಮ್ ಜೊಲ್ಲು ಸುರಿಸ್ತಾ ಬಾಯಗಲಿಸಿ ಬುಸ್ ಅಂತ ನಿಂತ್ರೆ ಅದು ಹುಚ್ಚು ಹಿಡಿದಿದ್ದಲ್ಲ, ಅದರ ಹೆದರಿಕೆ. ಹಲ್ಲು 50 ಇವೆ, ಇಲ್ಲಿನ ನೆಲದ ಮೇಲಿನ ಯಾವ ಸಸ್ತನಿಗೂ ಅಷ್ಟಿಲ್ಲ, ಅವನ್ನ ತೋರಿಸೋದೇ ಅದರ ಜಾಸ್ತಿ ಕೆಲಸ. ಆದ್ರೂ ಮೂಲೆಗೆ ಒತ್ತಿ ಕೈ ಹಾಕಿದ್ರೆ ಕಚ್ಚತ್ತೆ. ಯಾವುದೇ ಕಾಡುಪ್ರಾಣಿ ಕಚ್ಚಿದ್ರೂ 15 ನಿಮಿಷ ಸೋಪು ನೀರಲ್ಲಿ ತೊಳೆದು ಡಾಕ್ಟರ್ ಹತ್ರ ಹೋಗಿ, ಅಪರೂಪ ಅಂತ ಮನೇಲಿ ಕೂರ್ಬೇಡಿ.

ನಾಯಿಗೆ ಚಿಗಟದ ಔಷಧಿ ತಪ್ಪಿಸ್ಬೇಡಿ. ಒಪಾಸಮ್, ಬೆಕ್ಕು, ಇಲಿ ಇವುಗಳ ಮೈಮೇಲಿನ ಚಿಗಟದಿಂದ ಟೈಫಸ್ ಅನ್ನೋ ಜ್ವರ ಬರೋದುಂಟು, ಲಾಸ್ ಏಂಜಲಿಸ್ ಕಡೆ ಮತ್ತೆ ಟೆಕ್ಸಾಸಲ್ಲಿ ಜಾಸ್ತಿ. ರಾತ್ರಿ ನಾಯಿನ ಹೊರಗೆ ಬಿಡೋ ಮುಂಚೆ ಲೈಟ್ ಹಾಕಿ ಎರಡು ನಿಮಿಷ ಕಾದು ಬಿಡಿ, ಹೋಗೋಕೆ ಅದಕ್ಕೆ ಟೈಮ್ ಸಿಗತ್ತೆ.

ಈಗ ಟ್ರ್ಯಾಪ್. ಪಕ್ಕದ ಮನೆಯವರು ಒಳ್ಳೆ ಮನಸ್ಸಿಂದಾನೇ ಹೇಳಿರ್ತಾರೆ, ಕೊಲ್ಲೋದು ಬೇಡ ದೂರ ಬಿಡೋಣ ಅಂತ. ಆದ್ರೆ ಕ್ಯಾಲಿಫೋರ್ನಿಯಾದಲ್ಲಿ ಫಿಶ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಅನುಮತಿ ಇಲ್ದೆ ಹಿಡಿದ ಕಾಡುಪ್ರಾಣಿನ ಬೇರೆ ಕಡೆ ತಗೊಂಡೋಗಿ ಬಿಡೋ ಹಾಗಿಲ್ಲ, ಹಿಡಿದ ಜಾಗದಲ್ಲೇ ಬಿಡ್ಬೇಕು, ಇಲ್ಲ ಕೊಲ್ಬೇಕು, ಎರಡೇ ದಾರಿ. ಅಂದ್ರೆ ನೀವು ದುಡ್ಡು ಕೊಟ್ಟು ಯಾರನ್ನಾದ್ರೂ ಕರೆಸಿ ತಗೊಂಡೋಗಿ ಅಂತ ಕಳಿಸಿದ್ರೆ ಅದು ಬದುಕತ್ತೆ ಅಂದ್ಕೋಬೇಡಿ. ಸರಿ, ಕಾನೂನು ಪಕ್ಕಕ್ಕಿಡಿ, ಗೊತ್ತಿಲ್ಲದ ಜಾಗದಲ್ಲಿ ಬಿಟ್ರೆ ಅದಕ್ಕೆ ನೀರೆಲ್ಲಿ, ಊಟ ಎಲ್ಲಿ, ನಾಯಿ ಎಲ್ಲಿದೆ ಏನೂ ತಿಳಿದಿರಲ್ಲ. ನಿಮ್ಮ ಡೆಕ್ ಕೆಳಗಿನ ಜಾಗ ಖಾಲಿ ಇದ್ರೆ ತಿಂಗಳೊಳಗೆ ಇನ್ನೊಂದು ಬರತ್ತೆ. ಎಲ್ಲಕ್ಕಿಂತ ದೊಡ್ಡದು, ಈಗ ಮೇ ತಿಂಗಳು, ಹೆಣ್ಣಾಗಿದ್ರೆ ಮರಿ ಇದ್ದೇ ಇರತ್ತೆ ಅಂದ್ಕೊಂಡೇ ನಡ್ಕೋಬೇಕು. ನಮ್ಮ ಹತ್ರ ಒಂದು ಕೇಸ್ ಬಂದಿತ್ತು, ಮನೆಯವರು ಯಾವುದೋ ಕಂಪನಿಗೆ ಹೇಳಿ ಹಗಲಲ್ಲೇ ಡೆಕ್ ಸುತ್ತ ಜಾಲರಿ ಬಡಿಸಿದ್ರು, ಒಳಗೆ ಯಾರಿದಾರೆ ಅಂತ ಒಬ್ಬರೂ ಬಗ್ಗಿ ನೋಡಿಲ್ಲ. ಹಗಲು ಅದು ಮಲಗೋ ಹೊತ್ತು. ನಾಲ್ಕು ದಿನ ಆದ್ಮೇಲೆ ಅಡುಗೆಮನೆ ಕಿಟಕಿಗೆ ವಾಸನೆ ಬಂತು ಅಂತ ಹಲಗೆ ಕಿತ್ರೆ ತಾಯಿ ಸತ್ತಿತ್ತು, ಅದರ ಉಗುರೆಲ್ಲಾ ಜಾಲರಿ ಕೆರೆದು ಕೆರೆದು ಸವೆದಿದ್ವು, ಚೀಲದಲ್ಲಿದ್ದ ಏಳು ಮರಿಲಿ ಎರಡು ಮಾತ್ರ ಉಸಿರಾಡ್ತಿದ್ವು. ಆ ಮನೆಯಾಕೆ ಸೆಂಟರ್ ಬಾಗಿಲಲ್ಲಿ ನಿಂತು ಅತ್ತಿದ್ದು ನಂಗೆ ಇನ್ನೂ ನೆನಪಿದೆ, ಅವರು ಕೆಟ್ಟವರಲ್ಲ, ಅವರಿಗೆ ಯಾರೂ ಹೇಳಿರ್ಲಿಲ್ಲ ಅಷ್ಟೇ.

ಹಾಗಾದ್ರೆ ಏನ್ ಮಾಡೋದು? ಒಪಾಸಮ್ ಒಂದೇ ಕಡೆ ಠಿಕಾಣಿ ಹೂಡೋ ಪ್ರಾಣಿ ಅಲ್ಲ. ತಾನಾಗಿ ದೊಡ್ಡ ಬಿಲ ತೋಡಲ್ಲ, ಬೇರೆಯವರು ತೋಡಿದ್ದು, ಮರದ ಪೊಟರೆ, ಡೆಕ್ ಕೆಳಗಿನ ಸಂದಿ ಇಂಥಲ್ಲಿ ಕೆಲವು ದಿನ ಇದ್ದು ಮುಂದಕ್ಕೆ ಹೋಗತ್ತೆ. ಒಂದು ತಿಂಗಳಿಂದ ನಿಮ್ಮಲ್ಲೇ ಸುತ್ತುತ್ತಿದೆ ಅಂದ್ರೆ ಊಟ ಸಿಗ್ತಿದೆ ಅಂತಾನೇ ಅರ್ಥ, ಅದೆಲ್ಲಿಂದ ಅಂತ ಹುಡುಕಿ. ನಾಯಿ ಊಟದ ಬಟ್ಟಲು ರಾತ್ರಿ ಹೊರಗಿರತ್ತಾ? ಲೊಕ್ವಾಟ್, ಪರ್ಸಿಮನ್, ಅಂಜೂರ ಏನಾದ್ರೂ ಉದುರಿ ಬಿದ್ದಿದ್ಯಾ, ಈಗ ಲೊಕ್ವಾಟ್ ಕಾಲ, ಒಂದು ಮರ ಇದ್ರೂ ಕೆಳಗೆಲ್ಲಾ ಹಣ್ಣಿರತ್ತೆ. ಕಾಂಪೋಸ್ಟ್ ಡಬ್ಬಕ್ಕೆ ಮುಚ್ಚಳ ಇದ್ಯಾ, ನಾವು ಕನ್ನಡದವರು ತರಕಾರಿ ಸಿಪ್ಪೆ ಜೊತೆ ಉಳಿದ ಅನ್ನ, ಸಾರಿನ ಬೇಳೆ ಎಲ್ಲಾ ಅದಕ್ಕೇ ಹಾಕ್ತೀವಿ, ಬೇಯಿಸಿದ್ದು ಅಲ್ಲಿಗೆ ಹಾಕ್ಲೇಬೇಡಿ.

ಇನ್ನೊಂದು, ನಮ್ಮ ಮನೆಗಳಲ್ಲಿ ಮಾತ್ರ ಇರೋದು. ಊರಿಂದ ಅಪ್ಪ ಅಮ್ಮ ಬಂದ್ರೆ ಕಾಗೆಗೆ ಅಂತ ಅನ್ನ ಇಡ್ತಾರೆ. ಬೆಳಿಗ್ಗೆ ಕಾಂಪೌಂಡ್ ಮೇಲೆ ಇಟ್ಟ ಅನ್ನ ಕಾಗೆ ಅರ್ಧ ತಿಂದು ಬಿಟ್ರೆ ಉಳಿದಿದ್ದು ರಾತ್ರಿಗೆ ಒಪಾಸಮ್, ರಕೂನ್ ಅನ್ನೋ ಕಣ್ಣಿನ ಸುತ್ತ ಕಪ್ಪುಪಟ್ಟಿ ಇರೋ ಪ್ರಾಣಿ, ಇಲಿ ಮೂರಕ್ಕೂ ಆಗತ್ತೆ. ಇಡ್ಬೇಡಿ ಅಂತ ನಾನು ಯಾವ ಹಿರಿಯರಿಗೂ ಹೇಳಿಲ್ಲ, ನಮ್ಮ ಅತ್ತೆನೂ ಇಲ್ಲಿದ್ದಷ್ಟು ದಿನ ಇಡ್ತಿದ್ರು. ಒಂದು ಹಿಡಿ ಮಾತ್ರ, ಒಂದು ತಟ್ಟೇಲಿ ಇಡಿ, ಕಾಗೆ ತಿಂದು ಹೋದ್ಮೇಲೆ ತಟ್ಟೆ ಒಳಗೆ ತನ್ನಿ ಅಂದೆ, ಅವರೇ ಸ್ನಾನ ಮುಗಿಸಿ ಇಡೋರು, ತಿಂಡಿ ಆದ್ಮೇಲೆ ತರೋರು. ಆ ವಾರದಿಂದಲೇ ರಾತ್ರಿ ಕ್ಯಾಮೆರಾಲಿ ಓಡಾಟ ಕಮ್ಮಿ ಆಯ್ತು.

ನಿಮ್ಮ ಕರಿಬೇವು, ಹಾಗಲಕಾಯಿ, ಅವರೆ ಚಪ್ಪರಕ್ಕೆ ಅದರಿಂದ ಏನೂ ಆಗಲ್ಲ. ಬಸವನಹುಳ, ಗೊಣ್ಣೆ ಹುಳ, ಜಿರಳೆ, ಸಣ್ಣಪುಟ್ಟ ಇಲಿ ಮರಿ, ಸತ್ತಿದ್ದು ಕೊಳೆತಿದ್ದು ಇವೇ ಅದರ ಊಟ. ನೆಲಕ್ಕೆ ತಾಗಿದ ಟೊಮೆಟೊ ಒಂದೆರಡು ಹೋಗಬಹುದು. ಕೋಳಿ ಸಾಕಿದ್ರೆ ಮಾತ್ರ ರಾತ್ರಿ ಗೂಡು ಭದ್ರ ಮಾಡಿ, ಮೊಟ್ಟೆ, ಮರಿ ಬಿಡಲ್ಲ.

ಊಟ ನಿಲ್ಲಿಸಿದ ಮೇಲೆ ಡೆಕ್. ಸಂಜೆ ಪ್ರಾಣಿ ಒಳಗೆ ನುಸುಳೋ ಸಂದಿಯ ಬಾಯಲ್ಲಿ ಅಕ್ಕಿ ಹಿಟ್ಟು ತೆಳ್ಳಗೆ ಉದುರಿಸಿ, ರಂಗೋಲಿಗೆ ಹಾಕ್ತೀವಲ್ಲ ಹಾಗೆ, ಒಂದಡಿ ಅಗಲ. ಬೆಳಿಗ್ಗೆ ಹೆಜ್ಜೆ ನೋಡಿ. ಒಪಾಸಮ್ ಹಿಂಗಾಲಿನ ಹೆಬ್ಬೆರಳು ನಮ್ಮ ಕೈ ಹೆಬ್ಬೆರಳಿನ ಹಾಗೆ ಪಕ್ಕಕ್ಕೆ ಚಾಚಿರತ್ತೆ, ಅದಕ್ಕೆ ಉಗುರೂ ಇಲ್ಲ, ಒಂದ್ಸಲ ನೋಡಿದ್ರೆ ಮರೆಯಲ್ಲ, ಮಧ್ಯೆ ಬಾಲ ಎಳೆದ ಗೆರೆನೂ ಇರಬಹುದು. ಮಗುನ ಕರ್ಕೊಂಡು ಹೋಗಿ ತೋರಿಸಿ. ಹೆಜ್ಜೆ ಹೊರಗೆ ಮಾತ್ರ ಹೋಗಿದ್ದು, ಒಳಗೆ ವಾಪಸ್ ಬಂದಿಲ್ಲ ಅಂತ ಆದ್ರೆ ಆ ಬಾಯಿಗೆ ಪೇಪರ್ ಉಂಡೆ ಮಾಡಿ ಸಡಿಲವಾಗಿ ತುರುಕಿ. ಮೂರು ರಾತ್ರಿ ಪೇಪರ್ ಅಲ್ಲಾಡ್ಲಿಲ್ಲ ಅಂದ್ರೆ ಒಳಗೆ ಯಾರೂ ಇಲ್ಲ, ಆದ್ರೂ ಟಾರ್ಚ್ ಹಿಡಿದು ಒಮ್ಮೆ ಬಗ್ಗಿ ನೋಡಿ. ಆಮೇಲೆ ಅರ್ಧ ಇಂಚಿನ ಕಬ್ಬಿಣದ ಜಾಲರಿ, ಅಂಗಡೀಲಿ ಹಾರ್ಡ್‌ವೇರ್ ಕ್ಲಾತ್ ಅಂತ ಕೇಳಿ, ಅದನ್ನ ಬಡಿದು ಕೆಳ ಅಂಚನ್ನ ಒಂದಡಿ ಹೊರಗಡೆಗೆ ಮಡಚಿ ಮಣ್ಣಲ್ಲಿ ಹೂತುಬಿಡಿ, ತೋಡೋ ಪ್ರಾಣಿಗಳಿಗೂ ಅಲ್ಲಿ ದಾರಿ ಸಿಗಲ್ಲ. ಅದು ಹೋಗ್ತಾನೇ ಇಲ್ಲ ಅಂದ್ರೆ ಡೆಕ್ ಪಕ್ಕ ಒಂದು ಲೈಟು, ಜನ ಮಾತಾಡೋ ರೇಡಿಯೋ ಸಣ್ಣ ಸದ್ದಲ್ಲಿ ಎರಡು ಮೂರು ರಾತ್ರಿ ಇಡಿ, ಮರಿ ಇದ್ರೆ ಕರ್ಕೊಂಡೇ ಹೋಗತ್ತೆ. ಹೊಗೆ ಹಾಕೋದು, ಬಿಸಿನೀರು ಸುರಿಯೋದು, ಘಾಟು ಇರೋ ಕೆಮಿಕಲ್ ಇಡೋದು ಇದ್ಯಾವುದೂ ಬೇಡ.

ಒಪಾಸಮ್ ಬರೋ ಹಿತ್ತಲಿಗೆ ಬೇರೆಯವೂ ಬರ್ತವೆ, ನಿಜವಾಗಿ ಜಾಗ್ರತೆ ಬೇಕಾಗಿರೋದು ಅಲ್ಲಿ. ರಕೂನ್ ಒಂದೇ ಜಾಗದಲ್ಲಿ ಪದೇ ಪದೇ ಕಕ್ಕಸ್ಸು ಮಾಡತ್ತೆ, ಡೆಕ್ ಮೂಲೆ, ಮರದ ಬುಡ, ಮಕ್ಕಳ ಮರಳಿನ ತೊಟ್ಟಿ. ಅದರಲ್ಲಿರೋ ದುಂಡುಹುಳದ ಮೊಟ್ಟೆ ಮಗುವಿನ ಬಾಯಿಗೆ ಹೋದ್ರೆ ಮೆದುಳು, ಕಣ್ಣಿಗೆ ಕೇಡು, ಅಪರೂಪ, ಆದ್ರೆ ಬಂತು ಅಂದ್ರೆ ಬಹಳ ಕೆಟ್ಟದ್ದು. ಮಾಸ್ಕು, ಗ್ಲೌಸ್ ಹಾಕ್ಕೊಂಡು ಎತ್ತಿ ಬ್ಯಾಗಲ್ಲಿ ಕಟ್ಟಿ ಎಸೆದು, ಆ ಜಾಗಕ್ಕೆ ಕುದಿಯೋ ನೀರು ಸುರಿಯಿರಿ, ಬ್ಲೀಚಿಗೆ ಆ ಮೊಟ್ಟೆ ಸಾಯಲ್ಲ. ಮಕ್ಕಳ ಮರಳಿನ ತೊಟ್ಟಿ ಯಾವತ್ತೂ ಮುಚ್ಚಿಡಿ. ಸ್ಕಂಕ್ ನೆಲಕ್ಕೆ ಕಾಲು ಬಡಿದು ಬಾಲ ಎತ್ತಿದ್ರೆ ಅದು ಎಚ್ಚರಿಕೆ, ಸದ್ದಿಲ್ದೆ ಹಿಂದೆ ಸರೀರಿ. ನಾಯಿಗೆ ಸಿಡಿಸಿಬಿಟ್ರೆ ಟೊಮೆಟೊ ರಸದಿಂದ ಏನೂ ಆಗಲ್ಲ, ಪಾಲ್ ಕ್ರೆಬಾಮ್ ಅನ್ನೋ ಕೆಮಿಸ್ಟ್ ಕಂಡುಹಿಡಿದ ಮಿಶ್ರಣ ಇದೆ, 3 ಪರ್ಸೆಂಟಿನ ಹೈಡ್ರೋಜನ್ ಪೆರಾಕ್ಸೈಡ್ ಒಂದು ಲೀಟರ್, ಅಡುಗೆ ಸೋಡಾ ಕಾಲು ಕಪ್, ಪಾತ್ರೆ ತೊಳೆಯೋ ಲಿಕ್ವಿಡ್ ಒಂದೆರಡು ಚಮಚ, ಬಕೆಟಲ್ಲಿ ಆಗಲೇ ಕಲಸಿ, ಕಣ್ಣಿಗೆ ಹೋಗದ ಹಾಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೀರಿ. ಉಳಿದಿದ್ದು ಚೆಲ್ಲಿ, ಬಾಟಲಿಗೆ ಹಾಕಿ ಮುಚ್ಚಿದ್ರೆ ಗ್ಯಾಸ್ ಆಗಿ ಸಿಡಿಯತ್ತೆ.

ಇಲಿ ಪಾಷಾಣ ಮಾತ್ರ ಇಡ್ಬೇಡಿ, ಕೈಮುಗಿದು ಕೇಳ್ಕೊತೀನಿ. ಪಾಷಾಣ ತಿಂದ ಇಲಿ ಅವತ್ತೇ ಸಾಯಲ್ಲ, ಕೆಲವು ದಿನ ತೂಕಡಿಸ್ತಾ ಓಡಾಡತ್ತೆ, ಅದನ್ನ ಹಿಡಿದು ತಿಂದ ಗೂಬೆ ಒಳಗೇ ರಕ್ತ ಸೋರಿ ಸಾಯತ್ತೆ. 2021ರಿಂದ ಕ್ಯಾಲಿಫೋರ್ನಿಯಾದಲ್ಲಿ ಅತಿ ಕೆಟ್ಟ ಜಾತಿಯ ಪಾಷಾಣಗಳಿಗೆ ಕಡಿವಾಣ ಹಾಕಿದಾರೆ, ಆದ್ರೂ ನಮ್ಮ ಟೇಬಲ್ ಮೇಲೆ ಅಂಥ ಗೂಬೆಗಳು ಬರೋದು ನಿಂತಿಲ್ಲ.

ಒಪಾಸಮ್ ಪರವಾಗಿ ಇಂಟರ್ನೆಟ್ಟಲ್ಲಿ ಒಂದು ಮಾತು ಓಡಾಡತ್ತೆ, ಒಂದು ಸೀಸನ್ನಿಗೆ 5000 ಉಣ್ಣೆ, ಅಂದ್ರೆ ರಕ್ತ ಹೀರೋ ಸಣ್ಣ ಹುಳ, ತಿನ್ನತ್ತೆ ಅಂತ. ಅದು 2009ರ ಒಂದು ಅಧ್ಯಯನದಲ್ಲಿ ಬೋನಿನಲ್ಲಿಟ್ಟ ಪ್ರಾಣಿಗಳ ಮೇಲೆ ಮಾಡಿದ ಲೆಕ್ಕದಿಂದ ಬಂದಿದ್ದು. 2021ರಲ್ಲಿ ಇಲಿನಾಯ್ ರಾಜ್ಯದ 32 ಒಪಾಸಮ್‌ಗಳ ಹೊಟ್ಟೆ ಪರೀಕ್ಷೆ ಮಾಡಿದ್ರೆ ಒಂದು ಉಣ್ಣೆನೂ ಸಿಗ್ಲಿಲ್ಲ. ಅದಕ್ಕೇ ನಾನು ಆ ಮಾತು ಯಾರಿಗೂ ಹೇಳಲ್ಲ. ನಿಜವಾಗಿ ಆಶ್ಚರ್ಯ ಅನ್ಸೋದು ಬೇರೆ ಇದೆ, ಇಲ್ಲಿನ ರ್‍ಯಾಟಲ್ ಹಾವಿನ ವಿಷ ಇದಕ್ಕೆ ತಟ್ಟಲ್ಲ. ಅದರ ರಕ್ತದಲ್ಲಿರೋ ಪ್ರೋಟೀನಿನ ಒಂದು ತುಣುಕನ್ನ ಲ್ಯಾಬಲ್ಲಿ ತಯಾರಿಸಿ ಸ್ಯಾನ್ ಹೊಸೆ ಸ್ಟೇಟ್ ಯೂನಿವರ್ಸಿಟಿಯವರು 2015ರಲ್ಲಿ ಇಲಿಗಳ ಮೇಲೆ ನೋಡಿದ್ರು, ರ್‍ಯಾಟಲ್ ಹಾವಿನ ವಿಷದ ಜೊತೆಗೆ ರಸೆಲ್ಸ್ ವೈಪರ್ ವಿಷಕ್ಕೂ ಅದು ತಡೆ ಒಡ್ತು. ರಸೆಲ್ಸ್ ವೈಪರ್ ಅಂದ್ರೆ ನಮ್ಮ ಕೊಳಕುಮಂಡಲ. ಅಪ್ಪಾಜಿಗೆ ಇದೊಂದು ಹೇಳಿ, ಗದ್ದೆ ಬದುವಲ್ಲಿ ಓಡಾಡಿದವರಿಗೆ ಕೊಳಕುಮಂಡಲ ಅಂದ್ರೆ ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಔಷಧಿ ಅಂತ ಇನ್ನೂ ಆಗಿಲ್ಲ, ಇಲಿಗಳ ಮೇಲಿನ ಕೆಲಸ ಅಷ್ಟೇ. ಅಂದಹಾಗೆ ಒಪಾಸಮ್ ಕ್ಯಾಲಿಫೋರ್ನಿಯಾದ ಮೂಲದ್ದೂ ಅಲ್ಲ, 1890ರ ಸುಮಾರಿಗೆ ಇದೇ ಸ್ಯಾನ್ ಹೊಸೆಗೆ ಪೂರ್ವದ ಕಡೆಯಿಂದ ಜನ ತಂದಿದ್ದು, ಅಲ್ಲಿಂದ ಕರಾವಳಿ ಉದ್ದಕ್ಕೂ ಹರಡ್ಕೊಳ್ತು.

ಕೊನೇದಾಗಿ, ನಿಮ್ಮ ಬೀದಿಲಿ ಗಾಡಿ ಹೊಡೆದು ಒಪಾಸಮ್ ಬಿದ್ದಿರೋದು ಒಂದಲ್ಲ ಒಂದು ದಿನ ಕಾಣತ್ತೆ. ಟ್ರಾಫಿಕ್ ಇಲ್ಲ, ನಿಲ್ಲಿಸೋಕೆ ಜಾಗ ಇದೆ ಅಂದ್ರೆ ನಿಲ್ಲಿಸಿ. ಮೊದಲು ದೂರದಿಂದ ಹತ್ತು ನಿಮಿಷ ನೋಡಿ, ಮೂರ್ಛೆನೂ ಇರಬಹುದು. ನಿಜವಾಗಿ ಸತ್ತಿದ್ದು ಹೆಣ್ಣಾಗಿದ್ರೆ ಹೊಟ್ಟೆ ಮಧ್ಯೆ ಒಂದು ಸೀಳು ಥರ ಕಾಣತ್ತೆ, ಅದೇ ಚೀಲದ ಬಾಯಿ. ಎರಡು ವರ್ಷದ ಹಿಂದೆ ಮಿಷನ್ ಬುಲೆವಾರ್ಡ್ ಪಕ್ಕ ನಾನು ಹಾಗೆ ನಿಲ್ಲಿಸಿದ್ದೆ, ತಾಯಿ ಮೈ ಆಗಲೇ ತಣ್ಣಗಿತ್ತು, ಆದ್ರೆ ಗ್ಲೌಸ್ ಹಾಕಿದ ಬೆರಳಿಗೆ ಚೀಲದ ಒಳಗೆ ಬಿಸಿ ತಗುಲ್ತು, ಟಾರ್ಚಲ್ಲಿ ನೋಡಿದ್ರೆ ಗುಲಾಬಿ ಬಣ್ಣದ ಒಂಬತ್ತು ಮರಿ ಒಂದರ ಮೇಲೊಂದು ಕಚ್ಕೊಂಡಿದ್ವು, ಹೆಬ್ಬೆರಳಿನಷ್ಟು ಉದ್ದ. ಆಗ ಎಳೀಬೇಡಿ. ಮೊಲೆ ತುದಿ ಅದರ ಬಾಯೊಳಗೆ ಊದ್ಕೊಂಡಿರತ್ತೆ, ಎಳೆದ್ರೆ ಮರಿ ಬಾಯಿ ಹರಿಯತ್ತೆ. ತಾಯಿನ ಹಾಗೇ ಟವೆಲ್ಲಲ್ಲಿ ಸುತ್ತಿ ರಟ್ಟಿನ ಡಬ್ಬದಲ್ಲಿಟ್ಟು ಹತ್ತಿರದ ವೈಲ್ಡ್‌ಲೈಫ್ ಸೆಂಟರಿಗೆ ತಗೊಂಡೋಗಿ. ಒಂಟಿಯಾಗಿ ಓಡಾಡ್ತಿರೋ ಮರಿ ಕಂಡ್ರೆ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳತೆ ಅಂದಾಜು ಮಾಡಿ, 7 ಇಂಚಿಗಿಂತ ಚಿಕ್ಕದಿದ್ರೆ ತಾಯಿನ ಕಳ್ಕೊಂಡಿದೆ, ಅದಕ್ಕೂ ಡಬ್ಬ ಬೇಕು, ಅದಕ್ಕಿಂತ ದೊಡ್ಡದು, ಗಾಯ ಇಲ್ಲ ಅಂದ್ರೆ ಅದರ ಪಾಡಿಗೆ ಬಿಡಿ. ಹಾಲು ಕೊಡ್ಬೇಡಿ, ನೀರೂ ಬಾಯಿಗೆ ಹಾಕ್ಬೇಡಿ, ಬೆಚ್ಚಗೆ ಕತ್ತಲಲ್ಲಿ ಇಟ್ರೆ ಸಾಕು. ಅವತ್ತಿನ ಒಂಬತ್ತರಲ್ಲಿ ಆರು ಉಳಿದ್ವು. ಗಾಡಿ ಡಿಕ್ಕಿಲಿ ಒಂದು ಹಳೇ ಟವೆಲ್ಲು, ಒಂದು ಜೊತೆ ಗ್ಲೌಸ್, ಮಡಚಿದ ಒಂದು ಡಬ್ಬ ಹಾಕಿಟ್ಕೊಳ್ಳಿ, ಸೆಂಟರ್ ನಂಬರ್ ಇವತ್ತೇ ಫೋನಲ್ಲಿ ಸೇವ್ ಮಾಡ್ಕೊಳ್ಳಿ.